ತೆರೆದ ಫೋಲ್ಡರ್‌ನ ನಂಬರ್ ಸಿಗದಿದ್ರೆ "ಇಲ್ಲ" ಅನ್ನಿ, ಸುಳ್ಳು ನಂಬರ್ ಕೊಡ್ಬೇಡಿ

ಭಾಗ 1

ಮಾವನ ಅಂಗಡಿಯ ಮೂರು ತಿಂಗಳ ಬಿಲ್ಲುಗಳನ್ನ ಅಳಿಸಿದ್ದು ವೈರಸ್ ಅಲ್ಲ, ಹ್ಯಾಕರ್ ಅಲ್ಲ. ನಾನು ಬರೆದ ತೊಂಬತ್ತು ಸಾಲಿನ ಸಿ ಪ್ರೋಗ್ರಾಂ.

"ಬಿಕಾಂ ಓದೋನಿಗೆ ಸಿ ಯಾಕೆ ಬೇಕಪ್ಪಾ" ಅಂತ ಕಮೆಂಟಲ್ಲಿ ಕಾಲೆಳೆಯೋರೆಲ್ಲ ಸ್ವಲ್ಪ ಕೂತ್ಕೊಳ್ಳಿ. ಈ ಸಲದ ಸರಣಿ ನಿಮಗೇ. ಕೋಡ್ ಸ್ಲೈಡ್‌ಗಳಲ್ಲಿದೆ, ಸ್ವೈಪ್ ಮಾಡಿ ನೋಡಿ. ಇಲ್ಲಿ ಕ್ಯಾಪ್ಷನ್‌ನಲ್ಲಿ ಫಂಕ್ಷನ್ ಹೆಸರುಗಳನ್ನ ನಾವು ಲ್ಯಾಬಲ್ಲಿ ಬಾಯಲ್ಲಿ ಹೇಳೋ ಹಾಗೇ ಬರೀತೀನಿ.

ಮಾವಂದು ಬಸ್‌ಸ್ಟ್ಯಾಂಡ್ ಪಕ್ಕ ಒಂದು ಸೈಬರ್ ಸೆಂಟರ್. ಸೇವಾ ಸಿಂಧು ಅರ್ಜಿ, ರೇಷನ್ ಕಾರ್ಡ್ ತಿದ್ದುಪಡಿ, ಪ್ಯಾನ್ ಕಾರ್ಡ್, ಇದೇ ಕೆಲಸ. ದಿನಾ ಜನ ಆಧಾರ್ ತಂದು ಸ್ಕ್ಯಾನ್ ಮಾಡಿಸ್ತಾರೆ, ಆ ಫೈಲುಗಳು ಕಂಪ್ಯೂಟರಲ್ಲೇ ಉಳಿದುಬಿಡ್ತವೆ. ಯಾರದೋ ಅಜ್ಜಿಯ ಆಧಾರ್ ಆರು ತಿಂಗಳು ನಮ್ಮ ಡೆಸ್ಕ್‌ಟಾಪ್ ಮೇಲೆ ಬಿದ್ದಿರೋದು ಸರಿಯಲ್ಲ ಅಂತ ನನಗೇ ಅನಿಸಿತು. ಅದಕ್ಕೆ ಒಂದು ಪ್ರೋಗ್ರಾಂ ಬರೆದೆ. "ಗ್ರಾಹಕ" ಅನ್ನೋ ಫೋಲ್ಡರ್ ತೆರೆಯೋದು, ಒಳಗಿರೋ ಪ್ರತಿ ಫೋಲ್ಡರ್‌ಗೂ ಹೋಗೋದು, ಒಂದು ವಾರಕ್ಕಿಂತ ಹಳೇ ಫೈಲ್ ಇದ್ರೆ ಅಳಿಸೋದು. ಉಬುಂಟು ಮೆಷಿನ್, ರಾತ್ರಿ ಒಂಬತ್ತಕ್ಕೆ ತಾನೇ ಓಡೋ ಹಾಗೆ ಕ್ರಾನ್‌ನಲ್ಲಿ ಹಾಕಿದೆ. ಪರ್ಮಿಷನ್ ಎರರ್ ಬರ್ತಾ ಇತ್ತು ಅಂತ ರೂಟ್‌ನ ಕ್ರಾನ್‌ನಲ್ಲೇ ಹಾಕಿದೆ. ಈ ವಾಕ್ಯ ಓದಿ ಯಾರಿಗೆ ಎದೆ ಧಸಕ್ ಅಂತೋ ಅವರಿಗೆ ಮುಂದಿನ ಕಥೆ ಆಗಲೇ ಗೊತ್ತಾಗಿರುತ್ತೆ.

(ಹೌದು, ಆರ್‌ಎಂ ಕಮಾಂಡೋ ಫೈಂಡ್ ಕಮಾಂಡೋ ಬಳಸಿದ್ರೆ ಈ ರಾಮಾಯಣವೇ ಇರ್ತಿರ್ಲಿಲ್ಲ. ಸಿ ಹೊಸದಾಗಿ ಕಲಿತ ಜಂಬ ಅಷ್ಟೇ.)

ಅಂಗಡಿ ಹುಡುಗ ಒಂದು ದಿನ ಯಾವುದೋ ಜಿಎಸ್‌ಟಿ ಕೆಲಸಕ್ಕೆ ಅನುಕೂಲ ಆಗಲಿ ಅಂತ ಗ್ರಾಹಕ ಫೋಲ್ಡರ್ ಒಳಗೆ ಒಂದು ಲಿಂಕ್ ಇಟ್ಟ. ಅದು ತೋರಿಸ್ತಾ ಇದ್ದದ್ದು ಮಾವನ "ಲೆಕ್ಕ" ಫೋಲ್ಡರನ್ನ. ಒಂಬತ್ತು ಗಂಟೆಗೆ ನನ್ನ ಪ್ರೋಗ್ರಾಂ ಆ ಲಿಂಕನ್ನ ಫೋಲ್ಡರ್ ಅಂದ್ಕೊಂಡು ಒಳಗೆ ಹೋಯ್ತು. ಬಿಲ್ಲುಗಳೆಲ್ಲ ಒಂದು ವಾರಕ್ಕಿಂತ ಹಳೇವು ತಾನೇ? ಗುಡಿಸಿ ಸಾರಿಸಿ ಬಂತು.

ಎರಡು ಭಾನುವಾರ ಕೂತು ಕಾಗದದ ಬಿಲ್ಲುಗಳನ್ನ ಮತ್ತೆ ಸ್ಕ್ಯಾನ್ ಮಾಡಿದ್ವಿ. ಥರ್ಮಲ್ ಪೇಪರ್ ಬಿಲ್ಲುಗಳು ಗೊತ್ತಲ್ಲ, ಮೂರು ತಿಂಗಳಿಗೆ ಅಕ್ಷರ ಹಾರಿಹೋಗಿ ಬಿಳೀ ಚೀಟಿ ಆಗಿರ್ತವೆ. ಅವು ಹೋದವು ಹೋದವೇ. ಮಾವ ಬೈಲಿಲ್ಲ. ಬೈದಿದ್ರೇ ಚೆನ್ನಾಗಿತ್ತು.

ಭಾಗ 2

ತಪ್ಪು ಏನು ಅಂತ ಮೊದಲು ನೋಡೋಣ. ನಾನು ಸ್ಟ್ಯಾಟ್ ಬಳಸಿದ್ದೆ. ಸ್ಟ್ಯಾಟ್ ಲಿಂಕ್ ಕಂಡ್ರೆ ಅದು ತೋರಿಸೋ ಜಾಗಕ್ಕೇ ಹೋಗಿ "ಇದು ಫೋಲ್ಡರ್" ಅನ್ನುತ್ತೆ. ಎಲ್‌ಸ್ಟ್ಯಾಟ್ ಬಳಸಿದ್ರೆ "ಇದು ಲಿಂಕ್" ಅಂತ ನಿಜ ಹೇಳುತ್ತೆ. ಒಂದಕ್ಷರದ ವ್ಯತ್ಯಾಸ. ಸರಿ ಮಾಡ್ದೆ, ಮುಗೀತು ಅಂದ್ಕೊಂಡೆ.

ಮುಗ್ದಿರಲಿಲ್ಲ. ಎಲ್‌ಸ್ಟ್ಯಾಟ್ ಹೆಸರು ಹಿಡಿದು ಕೇಳುತ್ತೆ: "ಈ ಹೆಸರಿನದು ಫೋಲ್ಡರ್ರಾ?" ಹೌದು. ಆಮೇಲೆ ಓಪನ್‌ಡಿರ್ ಅದೇ ಹೆಸರು ಹಿಡಿದು ತೆರೆಯುತ್ತೆ. ಈ ಎರಡರ ಮಧ್ಯೆ ಒಂದು ಸಣ್ಣ ಸಂದು ಇದೆ. ಆ ಸಂದಿಯಲ್ಲಿ ಯಾರಾದ್ರೂ ಫೋಲ್ಡರ್ ತೆಗೆದು ಅದೇ ಹೆಸರಲ್ಲಿ ಲಿಂಕ್ ಇಟ್ರೆ? ಕೇಳಿದ್ದು ಒಂದನ್ನ, ತೆರೆದದ್ದು ಇನ್ನೊಂದನ್ನ. ನನ್ನ ಪ್ರೋಗ್ರಾಂ ರೂಟ್ ಆಗಿ ಓಡ್ತಾ ಇತ್ತು, ಆ ಫೋಲ್ಡರ್‌ಗೆ ಆ ಕಂಪ್ಯೂಟರ್ ಮುಂದೆ ಕೂತವರೆಲ್ಲ ಬರೀಬಹುದಿತ್ತು. ಅಂದ್ರೆ ಯಾರೋ ಒಬ್ಬ ತಲೆ ಇರೋನು ಮನಸ್ಸು ಮಾಡಿದ್ರೆ, ತನಗೆ ಮುಟ್ಟೋಕೆ ಅಧಿಕಾರ ಇಲ್ಲದ ಫೈಲುಗಳನ್ನ ನನ್ನ ಪ್ರೋಗ್ರಾಂ ಕೈಯಿಂದ ಅಳಿಸಬಹುದಿತ್ತು.

"ಇಷ್ಟೆಲ್ಲ ಯಾರು ಮಾಡ್ತಾರೆ ಗುರು" ಅಂತೀರಾ? ರಸ್ಟ್ ಭಾಷೆ ಕೇಳಿದ್ದೀರಲ್ಲ, ಸುರಕ್ಷತೆಗೇ ಹೆಸರುವಾಸಿ. ಅದರ ಸ್ಟ್ಯಾಂಡರ್ಡ್ ಲೈಬ್ರರಿಯ "ಇಡೀ ಫೋಲ್ಡರ್ ಅಳಿಸು" ಫಂಕ್ಷನ್‌ನಲ್ಲಿ ಸರಿಯಾಗಿ ಇದೇ ಸಂದು ಇತ್ತು, 1.0ರಿಂದ 1.58.0ರವರೆಗೂ. 2022ರ ಜನವರಿಯಲ್ಲಿ 1.58.1 ಬಿಡುಗಡೆ ಮಾಡಿ ಮುಚ್ಚಿದ್ರು. ಅದಕ್ಕೊಂದು ಸಿವಿಇ ನಂಬರ್ ಕೂಡ ಇದೆ: 2022-21658. ಅಷ್ಟು ಜನ ಕಣ್ಣಿಟ್ಟು ನೋಡೋ ಕೋಡ್‌ನಲ್ಲೇ ಹೀಗಿದ್ರೆ ನನ್ನ ತೊಂಬತ್ತು ಸಾಲಿನ ಕಥೆ ಏನು ಹೇಳಿ.

ಭಾಗ 3

ಈಗ ಅಸಲಿ ವಿಷಯ. ಜಾತ್ರೇಲಿ ಮಗುಗೆ "ಅಲ್ಲಿ ಕೆಂಪು ಶರ್ಟ್ ಮಾಮ ಇದಾರಲ್ಲ, ಅವರ ಹತ್ರ ಹೋಗು" ಅಂತ ಹೇಳಿ ಕಳಿಸೋದು ಬೇರೆ, ಕೈ ಹಿಡಿದು ಕರ್ಕೊಂಡು ಹೋಗೋದು ಬೇರೆ. ಪಾತ್ ಅಂದ್ರೆ ಕೆಂಪು ಶರ್ಟ್. ಫೈಲ್ ಡಿಸ್ಕ್ರಿಪ್ಟರ್ ಅಂದ್ರೆ ಕೈ ಹಿಡಿಯೋದು. ಅದು ಬರೀ ಒಂದು ಪೂರ್ಣಾಂಕ, 3, 4, 5 ಅಂತ. ಆದ್ರೆ ಒಮ್ಮೆ ಸಿಕ್ಕಿದ ಮೇಲೆ ಹೊರಗೆ ಯಾರು ಹೆಸರು ಬದಲಾಯಿಸಿದ್ರೂ, ಅದೇ ಹೆಸರಲ್ಲಿ ಬೇರೆ ಏನೇ ತಂದಿಟ್ರೂ, ಆ ನಂಬರ್ ನೀವು ತೆರೆದ ಫೋಲ್ಡರ್‌ನ್ನೇ ಹಿಡಿದುಕೊಂಡಿರುತ್ತೆ.

ಕೈ ಹಿಡಿದು ಕೆಲಸ ಮಾಡೋ ಫಂಕ್ಷನ್‌ಗಳೂ ಇದಾವೆ: ಓಪನ್‌ಅಟ್, ಎಫ್‌ಸ್ಟ್ಯಾಟ್‌ಅಟ್, ಅನ್‌ಲಿಂಕ್‌ಅಟ್. "ಈ ನಂಬರಿನ ಫೋಲ್ಡರ್ ಒಳಗಿರೋ ಈ ಹೆಸರಿನ ಫೈಲ್" ಅಂತ ಹೇಳೋದು. ಜೊತೆಗೆ ಓಪನ್‌ಅಟ್‌ಗೆ ಓ_ನೋಫಾಲೋ ಕೊಟ್ರೆ, ಆ ಹೆಸರಲ್ಲಿ ಲಿಂಕ್ ಇದ್ರೆ ತೆರೆಯೋದೇ ಇಲ್ಲ. ಕೇಳೋದು ತೆರೆಯೋದು ಎರಡೂ ಒಂದೇ ಏಟಿಗೆ, ಸಂದಿಯೇ ಇಲ್ಲ.

ಆದ್ರೆ ಓಪನ್‌ಡಿರ್ ಕೊಡೋದು ನಂಬರ್ ಅಲ್ಲ, ಡಿಐಆರ್ ಅನ್ನೋ ಪಾಯಿಂಟರ್. ಮುಚ್ಚಿದ ಡಬ್ಬಿ. ಒಳಗೆಲ್ಲೋ ನಂಬರ್ ಇರುತ್ತೆ, ನಮಗೆ ಕಾಣಲ್ಲ. ಆ ಡಬ್ಬಿಯಿಂದ ನಂಬರ್ ತೆಗೆದುಕೊಡೋ ಫಂಕ್ಷನ್ ಡಿರ್‌ಎಫ್‌ಡಿ. ಇದು ಹುಟ್ಟಿದ್ದು ಬಿಎಸ್‌ಡಿ ಯುನಿಕ್ಸ್‌ನಲ್ಲಿ, 4.3 ಬಿಎಸ್‌ಡಿ ರೆನೋ ಕಾಲಕ್ಕೆ. ಪೋಸಿಕ್ಸ್ ಪ್ರಮಾಣಕದೊಳಗೆ ಬಂದಿದ್ದು 2008ರಲ್ಲಿ. ಮಧ್ಯೆ ಅಷ್ಟೂ ವರ್ಷ ಕೆಲವು ಕಡೆ ಇತ್ತು, ಕೆಲವು ಕಡೆ ಇರಲಿಲ್ಲ. ಸೋಲಾರಿಸ್ 10ರಲ್ಲಿ ಇರಲಿಲ್ಲ. ವಿಂಡೋಸ್‌ನ ಮಿನ್‌ಜಿಡಬ್ಲ್ಯೂನಲ್ಲಿ ಓಪನ್‌ಡಿರ್ ಇದೆ, ರೀಡ್‌ಡಿರ್ ಇದೆ, ಡಿರ್‌ಎಫ್‌ಡಿ ಇಲ್ಲ.

ಹಾಗಾದ್ರೆ ಇಲ್ಲದ ಕಡೆ ಏನು ಮಾಡ್ಬೇಕು? ನನ್ನ ಜಗಳ ಇರೋದು ಇಲ್ಲೇ.

ಭಾಗ 4

ಮೊದಲು ಒಂದು ಮಾತು. "ಡಿರ್‌ಎಫ್‌ಡಿ ಇಲ್ಲ" ಅಂತ ಬೊಬ್ಬೆ ಹೊಡೆಯೋರಲ್ಲಿ ಸುಮಾರು ಜನಕ್ಕೆ ಅದು ಇದೆ. ಮರೆಯಲ್ಲಿದೆ ಅಷ್ಟೇ. ಜಿಸಿಸಿಗೆ ಸಿ99 ಸ್ಟ್ಯಾಂಡರ್ಡ್ ಕಟ್ಟುನಿಟ್ಟು ಅಂತ ಹೇಳಿ ಕಂಪೈಲ್ ಮಾಡಿದ್ರೆ, ಶುದ್ಧ ಸಿ ಭಾಷೆಯಲ್ಲಿ ಇಲ್ಲದ್ದನ್ನೆಲ್ಲ ಹೆಡರ್ ಫೈಲ್ ಮುಚ್ಚಿಡುತ್ತೆ. ಫೈಲ್‌ನ ತುದಿಯಲ್ಲಿ, ಎಲ್ಲ ಇನ್‌ಕ್ಲೂಡ್‌ಗಳಿಗಿಂತ ಮುಂಚೆ, _ಪೋಸಿಕ್ಸ್_ಸಿ_ಸೋರ್ಸ್ ಅನ್ನೋದಕ್ಕೆ 200809ಎಲ್ ಅಂತ ಡಿಫೈನ್ ಮಾಡಿ. ಬಾಗಿಲು ತೆರೆಯುತ್ತೆ. ನಾನು ಇದು ಗೊತ್ತಿಲ್ಲದೆ ಒಂದು ಸಂಜೆ ಪೂರ್ತಿ ಕಳೆದೆ. ಹಳೇ ಜಿಸಿಸಿ ಬರೀ ವಾರ್ನಿಂಗ್ ಕೊಟ್ಟು ಸುಮ್ಮನಾಗ್ತಿತ್ತು, ಜಿಸಿಸಿ 14ರಿಂದ ಇದು ನೇರ ಎರರ್. ಒಳ್ಳೇದೇ ಆಯ್ತು.

ನಿಜವಾಗಿಯೂ ಇಲ್ಲ ಅಂತಾದ್ರೆ, ಹಳೇ ಕೋಡ್‌ಗಳಲ್ಲಿ ಜನ ಮಾಡಿರೋ ಕಸರತ್ತು ಅಂದ್ರೆ ಡಬ್ಬಿ ಒಡೆಯೋದು. ಹಳೇ ಬಿಎಸ್‌ಡಿಗಳಲ್ಲಿ ಡಿಐಆರ್ ಒಳಗೆ ಡಿಡಿ_ಎಫ್‌ಡಿ ಅನ್ನೋ ಮೆಂಬರ್ ಇತ್ತು, ಅದನ್ನ ನೇರವಾಗಿ ಓದೋದು. ಸೋಲಾರಿಸ್‌ನಲ್ಲಿ ಹೆಸರು ಡಿ_ಎಫ್‌ಡಿ. ಮ್ಯಾಕ್‌ನಲ್ಲಿ ಹಿಂದೆ ಎರಡು ಅಂಡರ್‌ಸ್ಕೋರ್ ಸೇರಿಸಿದ ಡಿಡಿ_ಎಫ್‌ಡಿ. ಗ್ಲಿಬ್‌ಸಿಯಲ್ಲಿ ಒಳಗೇನಿದೆ ಅಂತ ಹೆಡರ್ ಹೇಳೋದೇ ಇಲ್ಲ, ಮುಟ್ಟೋಕೆ ಹೋದ್ರೆ ಕಂಪೈಲರ್ "ಅಪೂರ್ಣ ಟೈಪ್" ಅಂತ ಕೈ ಮೇಲೆ ಹೊಡೆಯುತ್ತೆ.

ಇದರಲ್ಲೂ ಮರ್ಯಾದೆಯ ದಾರಿ ಒಂದಿದೆ. ಗ್ನೂ ಯೋಜನೆಯ ಗ್ನೂಲಿಬ್ ಅದನ್ನೇ ಮಾಡುತ್ತೆ. ಬಿಲ್ಡ್ ಮಾಡೋ ಮುಂಚೆ ಒಂದು ಪುಟ್ಟ ಪ್ರೋಗ್ರಾಂ ಕಂಪೈಲ್ ಮಾಡಿ ನೋಡೋದು: ಈ ಮೆಷಿನ್‌ನಲ್ಲಿ ಡಿ_ಎಫ್‌ಡಿ ಇದೆಯಾ? ಇಲ್ವಾ, ಡಿಡಿ_ಎಫ್‌ಡಿ ಇದೆಯಾ? ಅದೂ ಇಲ್ವಾ? ಹಾಗಾದ್ರೆ -1. ಊಹೆ ಇಲ್ಲ. ಕೇಳಿ, ಉತ್ತರ ಬಂದ್ರೆ ಬಳಸೋದು, ಬರದಿದ್ರೆ ಗೊತ್ತಿಲ್ಲ ಅನ್ನೋದು.

ಮರ್ಯಾದೆ ಇಲ್ಲದ ದಾರಿಯೂ ಇದೆ. ಗ್ಲಿಬ್‌ಸಿಯ ಡಿಐಆರ್‌ನಲ್ಲಿ ನಂಬರ್ ಇರೋದು ಮೊದಲನೇ ಜಾಗದಲ್ಲೇ. ಯಾರೋ ಬುದ್ಧಿವಂತ ಅದನ್ನ ಕಂಡುಹಿಡಿದು, ಪಾಯಿಂಟರನ್ನ ಇಂಟ್ ಪಾಯಿಂಟರ್ ಅಂತ ಕಾಸ್ಟ್ ಮಾಡಿ ಮೊದಲ ನಾಲ್ಕು ಬೈಟ್ ಓದ್ತಾನೆ. ಅವನ ಲ್ಯಾಪ್‌ಟಾಪ್‌ನಲ್ಲಿ ಸಕ್ಕತ್ತಾಗಿ ನಡೆಯುತ್ತೆ. ಅದೇ ಕೋಡನ್ನ ಆಲ್ಪೈನ್ ಲಿನಕ್ಸ್‌ಗೆ ತಗೊಂಡು ಹೋಗಿ. ಅಲ್ಲಿರೋದು ಮಸ್ಲ್ ಲೈಬ್ರರಿ. ಅದರ ಡಬ್ಬಿಯಲ್ಲಿ ಮೊದಲನೇ ಜಾಗ "ಎಲ್ಲಿವರೆಗೂ ಓದಿದೀವಿ" ಅನ್ನೋ ಲೆಕ್ಕದ್ದು, ನಂಬರ್ ಎರಡನೇ ಜಾಗದಲ್ಲಿ. ಆಗಷ್ಟೇ ತೆರೆದ ಫೋಲ್ಡರ್‌ನಲ್ಲಿ ಆ ಲೆಕ್ಕ ಸೊನ್ನೆ. ಹಾಗಾಗಿ ಆ ಬುದ್ಧಿವಂತನಿಗೆ ಸಿಗೋ ಫೈಲ್ ಡಿಸ್ಕ್ರಿಪ್ಟರ್ 0. ಸೊನ್ನೆ ಅಂದ್ರೆ ಸ್ಟ್ಯಾಂಡರ್ಡ್ ಇನ್‌ಪುಟ್, ಕೀಬೋರ್ಡ್! ಎರರ್ ಇಲ್ಲ, ಕ್ರ್ಯಾಶ್ ಇಲ್ಲ, ನೋಡೋಕೆ ಎಲ್ಲಾ ಸರಿಯಾಗೇ ಕಾಣೋ ಒಂದು ನಂಬರ್.

ಸುಳ್ಳು ನಂಬರ್ ಅಂತ ತಲೆಬರಹದಲ್ಲಿ ಹೇಳಿದ್ದು ಇದಕ್ಕೇ.

ಭಾಗ 5

ಇನ್ನೊಂದು ಜನಪ್ರಿಯ ಉಪಾಯ, ನಾನೂ ಎರಡು ದಿನ ಬಳಸಿದ್ದು: ಓಪನ್‌ಡಿರ್‌ನಿಂದ ನಂಬರ್ ಸಿಗ್ತಿಲ್ವಾ, ಹಾಗಾದ್ರೆ ಅದೇ ಪಾತ್ ಕೊಟ್ಟು ಓಪನ್‌ನಿಂದ ಇನ್ನೊಂದು ಸಲ ತೆರೆದು ಆ ನಂಬರ್ ಇಟ್ಕೊಳ್ಳೋದು. ಎಷ್ಟು ಸುಲಭ ನೋಡಿ. ಆದ್ರೆ ಈಗ ಒಂದೇ ಹೆಸರನ್ನ ಎರಡು ಸಲ ಹುಡುಕಿದ ಹಾಗಾಯ್ತು. ರೀಡ್‌ಡಿರ್ ಓದೋದು ಒಂದು ಫೋಲ್ಡರ್, ಅನ್‌ಲಿಂಕ್‌ಅಟ್ ಅಳಿಸೋದು ಇನ್ನೊಂದು ಫೋಲ್ಡರ್ ಆಗಬಹುದು. ಮುಚ್ಚೋಕೆ ಹೊರಟ ಸಂದಿ ಹಾಗೇ ಇದೆ, ಮೇಲೆ ಬಣ್ಣ ಬಳಿದಿದೀವಿ ಅಷ್ಟೇ. ಓದೋರಿಗೆ "ಓ, ಇವನು ಅಟ್ ಫಂಕ್ಷನ್ ಬಳಸಿದಾನೆ, ಸುರಕ್ಷಿತ" ಅನ್ನಿಸುತ್ತೆ. ಅದು ಇನ್ನೂ ಕೆಟ್ಟದ್ದು.

ಬಿಕಾಂ ಬಳಗಕ್ಕೆ ಒಂದು ಮಾತಲ್ಲಿ ಹೇಳ್ತೀನಿ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ಲಿಲ್ಲ, 4,700 ರೂಪಾಯಿ ವ್ಯತ್ಯಾಸ. ಎರಡು ದಾರಿ. ಸಸ್ಪೆನ್ಸ್ ಅಕೌಂಟ್ ತೆರೆದು ಆ 4,700 ಅನ್ನ ಅಲ್ಲಿ ಹಾಕಿ, ಎಲ್ಲರಿಗೂ ಕಾಣೋ ಹಾಗೆ ಇಟ್ಟು, ತಪ್ಪು ಸಿಕ್ಕಾಗ ಸರಿಮಾಡೋದು. ಇಲ್ಲಾಂದ್ರೆ ಯಾರಿಗೂ ಹೇಳದೆ "ಇತರೆ ಖರ್ಚು" ಅಂತ ತುರುಕೋದು. ಎರಡನೇದ್ರಲ್ಲಿ ಎರಡು ಬದಿಯೂ ಸಮ ಬರುತ್ತೆ, ಪುಟ ಅಂದವಾಗಿ ಕಾಣುತ್ತೆ. ಮುಂದಿನ ವರ್ಷ ಆಡಿಟ್‌ನಲ್ಲಿ ತಲೆ ಚಚ್ಕೊಳ್ಳೋದು ಬೇರೆ ಯಾರೋ. -1 ಅನ್ನೋದು ಸಸ್ಪೆನ್ಸ್ ಅಕೌಂಟ್. ಪಾತ್‌ನಿಂದ ಮತ್ತೆ ತೆರೆಯೋದು ಇತರೆ ಖರ್ಚು.

ಪೋಸಿಕ್ಸ್‌ಗೂ ಇದು ಗೊತ್ತಿತ್ತು. ಡಿರ್‌ಎಫ್‌ಡಿ ಫೇಲ್ ಆಗಬಹುದು ಅಂತ ಪ್ರಮಾಣಕದಲ್ಲೇ ಬರೆದಿದೆ. ಈ ಸಿಸ್ಟಂನಲ್ಲಿ ಫೋಲ್ಡರ್‌ಗೆ ನಂಬರ್ ಅನ್ನೋದೇ ಇಲ್ಲ ಅಂದ್ರೆ ಇಎನ್‌ಒಟಿಎಸ್‌ಯುಪಿ ಎರರ್ ಕೊಡಬಹುದು. ಅಂದ್ರೆ "ಇಲ್ಲ" ಅನ್ನೋದು ಸೋಲಲ್ಲ, ಅದೂ ಒಂದು ಕಾನೂನುಬದ್ಧ ಉತ್ತರ. ನೀವು ಬರೆಯೋ ಫಾಲ್‌ಬ್ಯಾಕ್ ಕೂಡ ಅದೇ ಎರ್‌ನೋ ಇಟ್ಟು -1 ಕೊಡಲಿ.

ಭಾಗ 6

ಹಾಗಾದ್ರೆ ನಾನು ಏನು ಮಾಡ್ದೆ? ಪ್ರಶ್ನೆಯನ್ನೇ ತಿರುಗಿಸಿದೆ. ಡಬ್ಬಿಯಿಂದ ನಂಬರ್ ತೆಗೆಯೋಕೆ ಯಾಕೆ ಒದ್ದಾಡ್ಬೇಕು? ಮೊದಲು ನಂಬರ್ ತಗೊಂಡು ಆಮೇಲೆ ಅದರಿಂದ ಡಬ್ಬಿ ಮಾಡಿದ್ರಾಯ್ತಲ್ಲ. ಓಪನ್‌ಅಟ್‌ನಿಂದ ಫೋಲ್ಡರ್ ತೆರೆಯೋದು, ಓ_ಡೈರೆಕ್ಟರಿ, ಓ_ನೋಫಾಲೋ, ಓ_ಕ್ಲೋಎಕ್ಸೆಕ್ ಮೂರೂ ಕೊಟ್ಟು. ಬಂದ ನಂಬರನ್ನ ಒಂದು ವೇರಿಯಬಲ್‌ನಲ್ಲಿ ಇಟ್ಕೊಳ್ಳೋದು. ಅದನ್ನ ಎಫ್‌ಡಿಓಪನ್‌ಡಿರ್‌ಗೆ ಕೊಟ್ರೆ ಡಿಐಆರ್ ಸಿಗುತ್ತೆ. ಈಗ ಓದೋಕೆ ಡಬ್ಬಿ, ಅಳಿಸೋಕೆ ನಂಬರ್, ಎರಡೂ ಒಂದೇ ಫೋಲ್ಡರ್‌ದು ಅನ್ನೋದು ಖಾತ್ರಿ. ಡಿರ್‌ಎಫ್‌ಡಿ ಬೇಕಾಗೇ ಇಲ್ಲ! ಡಿರ್‌ಎಫ್‌ಡಿ ಇಲ್ಲದ ಸೋಲಾರಿಸ್ 10ರಲ್ಲೂ ಎಫ್‌ಡಿಓಪನ್‌ಡಿರ್ ಇತ್ತು. ರಸ್ಟ್‌ನವರು 2022ರಲ್ಲಿ ಸರಿಪಡಿಸಿದ್ದೂ ಇದೇ ದಾರೀಲಿ, ಮೊದಲು ನಂಬರ್, ಆಮೇಲೆ ಡಬ್ಬಿ.

ಇಲ್ಲಿ ಒಂದು ಗುಂಡಿ ಇದೆ, ನಾನು ಬಿದ್ದೆ, ನೀವು ಬೀಳ್ಬೇಡಿ. ಎಫ್‌ಡಿಓಪನ್‌ಡಿರ್ ಗೆದ್ದ ಮೇಲೆ ಆ ನಂಬರ್‌ನ ಮಾಲೀಕ ನೀವಲ್ಲ, ಡಬ್ಬಿ. ಕ್ಲೋಸ್‌ಡಿರ್ ಮಾಡಿದ್ರೆ ನಂಬರೂ ಮುಚ್ಚುತ್ತೆ. ನೀವು ಮತ್ತೆ ಕ್ಲೋಸ್ ಮಾಡಿದ್ರೆ ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಕೊಟ್ಟ ಹಾಗೆ. ಅದಕ್ಕಿಂತ ಅಧ್ವಾನ ಅಂದ್ರೆ, ಅಷ್ಟರಲ್ಲಿ ಅದೇ ನಂಬರ್ ಬೇರೆ ಫೈಲ್‌ಗೆ ಸಿಕ್ಕಿದ್ರೆ ಅದನ್ನ ಮುಚ್ಚಿಬಿಡ್ತೀರ. ಉಲ್ಟಾ, ಎಫ್‌ಡಿಓಪನ್‌ಡಿರ್ ಸೋತ್ರೆ ನಂಬರ್ ಇನ್ನೂ ನಿಮ್ಮದೇ, ನೀವೇ ಮುಚ್ಚಬೇಕು. ಡಿರ್‌ಎಫ್‌ಡಿಯಿಂದ ಪಡೆದ ನಂಬರ್‌ಗೂ ಇದೇ ನಿಯಮ. ಅದು ಬಾಡಿಗೆದು, ಕ್ಲೋಸ್ ಮಾಡೋ ಹಕ್ಕು ನಿಮಗಿಲ್ಲ.

ಅಟ್ ಫಂಕ್ಷನ್‌ಗಳೇ ಇಲ್ಲದ ಹಳೇ ಮೆಷಿನ್ ಆದ್ರೆ ಎಫ್‌ಸಿಎಚ್‌ಡಿರ್ ಅಂತ ಒಂದಿದೆ, ಆ ನಂಬರಿನ ಫೋಲ್ಡರ್ ಒಳಗೇ ಹೋಗಿ ನಿಂತ್ಕೊಂಡು ಕೆಲಸ ಮಾಡೋದು. ಆದ್ರೆ "ನಾನು ನಿಂತಿರೋ ಜಾಗ" ಅನ್ನೋದು ಇಡೀ ಪ್ರೋಸೆಸ್‌ಗೆ ಒಂದೇ. ಎರಡು ಥ್ರೆಡ್ ಇದ್ರೆ ಒಬ್ಬನ ಕಾಲಡಿ ನೆಲ ಇನ್ನೊಬ್ಬ ಎಳೆದ ಹಾಗೆ. ಒಂದೇ ಥ್ರೆಡ್‌ನ ಸಣ್ಣ ಪ್ರೋಗ್ರಾಂಗೆ ಮಾತ್ರ ಸರಿ.

ರಸ್ಟ್‌ನವರು ಆ ಪ್ರಕಟಣೇಲಿ ಇನ್ನೊಂದು ಮಾತು ನೇರವಾಗಿ ಬರೆದಿದ್ರು: ಮ್ಯಾಕ್‌ಒಎಸ್ 10.10ಕ್ಕಿಂತ ಹಳೇದ್ರಲ್ಲಿ, ರೆಡಾಕ್ಸ್‌ನಲ್ಲಿ ಇದಕ್ಕೆ ಬೇಕಾದ ಸೌಲಭ್ಯವೇ ಇಲ್ಲ, ಹೊಸ ಆವೃತ್ತಿ ಹಾಕ್ಕೊಂಡ್ರೂ ಅಲ್ಲಿ ಅಪಾಯ ಹಾಗೇ ಇರುತ್ತೆ ಅಂತ. ನನಗೆ ಆ ಸರಿಪಡಿಸಿದ ಕೋಡ್‌ಗಿಂತ ಈ ಸಾಲೇ ಜಾಸ್ತಿ ಇಷ್ಟ ಆಯ್ತು.

ಭಾಗ 7

ಇದನ್ನೆಲ್ಲ ಹಾಸ್ಟೆಲ್‌ನಲ್ಲಿ ಹೇಳಿದಾಗ ಬಿಸಿಎ ಗೆಳೆಯನೊಬ್ಬ ಕೆಣಕಿದ. "-1 ಕೊಟ್ಟು ಕೂತ್ರೆ ನನ್ನ ಪ್ರೋಗ್ರಾಂ ವಿಂಡೋಸ್ ಲ್ಯಾಬಲ್ಲಿ ಓಡೋದೇ ಇಲ್ಲ. ಪ್ರಾಕ್ಟಿಕಲ್ ಮಾರ್ಕ್ಸ್ ನೀನು ಕೊಡ್ತೀಯಾ?"

ಅವನ ಮಾತಲ್ಲಿ ಅರ್ಧ ನಿಜ ಇದೆ. ಫೋಲ್ಡರ್‌ನಲ್ಲಿ ಏನಿದೆ ಅಂತ ಪಟ್ಟಿ ಮಾತ್ರ ತೋರಿಸೋ ಪ್ರೋಗ್ರಾಂ ಆಗಿದ್ರೆ ಪಾತ್‌ನಿಂದಲೇ ಮಾಡ್ಕೋ, ಯಾರಿಗೂ ನಷ್ಟ ಇಲ್ಲ. ತಪ್ಪು ಫೋಲ್ಡರ್ ತೋರಿಸಿದ್ರೆ ಇನ್ನೊಂದು ಸಲ ಓಡಿಸ್ತೀಯ. ಆದ್ರೆ ಅಳಿಸೋದು, ಪರ್ಮಿಷನ್ ಬದಲಾಯಿಸೋದು, ಮಾಲೀಕನನ್ನ ಬದಲಾಯಿಸೋದು, ಈ ಮೂರಕ್ಕೆ "ಇನ್ನೊಂದು ಸಲ" ಅನ್ನೋದಿಲ್ಲ. ಥರ್ಮಲ್ ಬಿಲ್ ನೆನಪಿಸ್ಕೋ.

ವಿಂಡೋಸ್ ವಿಷಯಕ್ಕೆ ಬಂದ್ರೆ, ಅಲ್ಲಿ ಡಿರ್‌ಎಫ್‌ಡಿಯನ್ನ ಅನುಕರಣೆ ಮಾಡೋಕೆ ಹೋಗೋದೇ ದಂಡ ಅಂತ ನನ್ನ ಅಭಿಪ್ರಾಯ. ಅಲ್ಲಿನ ಸಿ ಲೈಬ್ರರಿಯ ಓಪನ್‌ಗೆ ಫೋಲ್ಡರ್ ಕೊಟ್ರೆ ಇಎಸಿಸಿಇಎಸ್ ಅಂತ ಮುಖಕ್ಕೆ ಬಾಗಿಲು ಹಾಕುತ್ತೆ. ಆ ಊರಲ್ಲಿ ನಂಬರ್ ಅಲ್ಲ, ಹ್ಯಾಂಡಲ್ ನಡೆಯೋದು. ಕ್ರಿಯೇಟ್‌ಫೈಲ್‌ಗೆ ಬ್ಯಾಕಪ್ ಸೆಮ್ಯಾಂಟಿಕ್ಸ್ ಫ್ಲ್ಯಾಗ್ ಕೊಟ್ರೆ ಫೋಲ್ಡರ್‌ಗೂ ಹ್ಯಾಂಡಲ್ ಸಿಗುತ್ತೆ, ಓಪನ್ ರೀಪಾರ್ಸ್ ಪಾಯಿಂಟ್ ಫ್ಲ್ಯಾಗ್ ಸೇರಿಸಿದ್ರೆ ಲಿಂಕ್ ಹಿಂದೆ ಹೋಗಲ್ಲ. ಅದಕ್ಕೆ ಬೇರೆ ಫೈಲ್‌ನಲ್ಲಿ ಬೇರೆ ಕೋಡ್ ಬರೀರಿ. ಕನ್ನಡ ಪತ್ರಿಕೆಗೆ ಮಲಯಾಳಂ ಲಿಪಿ ಹಾಕಿ "ಓದ್ಕೊಳ್ಳಿ" ಅಂದ ಹಾಗೆ ಆಗಬಾರದು.

ಗೆಳೆಯ ಪೂರ್ತಿ ಒಪ್ಪಲಿಲ್ಲ. "ನಿನ್ನ ಕಥೆಗೆ ನೀನು ರೂಟ್ ಆಗಿ ಓಡ್ಸಿದ್ದೇ ಮೊದಲ ತಪ್ಪು" ಅಂದ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ, ಅವನು ಹೇಳಿದ್ದು ಸರಿ. ಈಗ ಅದಕ್ಕೇ ಅಂತ ಬೇರೆ ಯೂಸರ್ ಮಾಡಿದೀನಿ, ಗ್ರಾಹಕ ಫೋಲ್ಡರ್ ಬಿಟ್ಟು ಬೇರೆಲ್ಲೂ ಬರೆಯೋ ಅಧಿಕಾರ ಅವನಿಗಿಲ್ಲ.

ಹೊಸ ಪ್ರೋಗ್ರಾಂ ಶುರುವಾಗಿ ಎರಡು ತಿಂಗಳಾಯ್ತು. ಕಳೆದ ವಾರ ಲಾಗ್ ತೆಗೆದು ನೋಡ್ದೆ. ಒಂದು ರಾತ್ರಿ ಮತ್ತೊಂದು ಲಿಂಕ್ ಸಿಕ್ಕಿದೆ, ಹುಡುಗ ಮತ್ತೆ ಇಟ್ಟಿದಾನೆ. ಓಪನ್‌ಅಟ್ ತೆರೆಯೋಕೆ ಒಪ್ಪದೆ ಇಎನ್‌ಒಟಿಡಿಐಆರ್ ಕೊಟ್ಟಿದೆ. (ಲಿಂಕ್ ಆದ್ರೆ ಇಎಲ್‌ಒಒಪಿ ಬರಬೇಕಲ್ವಾ ಅಂತ ಕೇಳ್ತೀರ. ಲಿನಕ್ಸ್‌ನಲ್ಲಿ ಓ_ಡೈರೆಕ್ಟರಿ ಜೊತೆ ಕೊಟ್ಟಾಗ ಹೀಗೆ ಬರುತ್ತೆ, ಕೋಡ್‌ನಲ್ಲಿ ಎರಡನ್ನೂ ನೋಡ್ಕೊಳ್ಳಿ.) ಹೆಸರು ಬರೆದುಕೊಂಡು, ಮುಟ್ಟದೆ, ಮುಂದೆ ಹೋಗಿದೆ.

ಆ ಸಾಲಿನ ಫೋಟೋ ಕೊನೇ ಸ್ಲೈಡ್‌ನಲ್ಲಿ ಹಾಕಿದೀನಿ. ಮಾವನಿಗೂ ತೋರಿಸ್ದೆ. ಕನ್ನಡಕ ಏರಿಸಿ ಎರಡು ಸಲ ಓದಿ, "ಅದಿರ್ಲಿ, ಬಿಲ್ಲುಗಳನ್ನ ಪೆನ್‌ಡ್ರೈವ್‌ಗೂ ಹಾಕಿದೀಯಾ?" ಅಂದ್ರು. ಹಾಕಿರಲಿಲ್ಲ 😅